ಒಂದು ದಿನದ ಕಸಬರಿಗೆಯಿಂದ ಊರು ಸ್ವಚ್ಛವಾಗದು

ಉಮರ್ಗಾ: ಗಾಂಧಿ ಜಯಂತಿ ಬಂತೆಂದರೆ ಗಡಿಭಾಗದ ಪಟ್ಟಣಗಳಲ್ಲಿ ಕಸಬರಿಗೆಗಳು ಬೀದಿಗೆ ಬರುತ್ತವೆ. ಶಾಲಾ ಮಕ್ಕಳು, ನೌಕರರು, ಪುಢಾರಿಗಳು ಸಾಲಾಗಿ ನಿಂತು ರಸ್ತೆ ಗುಡಿಸುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಎಂಟು ದಿನ ಕಳೆಯುವುದರೊಳಗೆ ಅದೇ ಮೂಲೆಯಲ್ಲಿ ಅದೇ ಕಸದ ಗುಡ್ಡೆ. ಉಮರ್ಗಾ, ನಿಲಂಗಾ, ಉದಗೀರ ಯಾವ ಊರಿಗೂ ಇದು ಹೊಸ ಮಾತಲ್ಲ. ಹಾಗಾದರೆ ಜನರ ಶ್ರಮದಿಂದ ಪಟ್ಟಣ ಸ್ವಚ್ಛವಾಗುವುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಆದರೆ ಯಾವ ಕೆಲಸ ಜನರದು, ಯಾವುದು ನಗರಪರಿಷತ್ತಿನದು ಎಂಬ ಲೆಕ್ಕ ಮೊದಲು ಸರಿಯಾಗಬೇಕು.

ಈ ನೆಲಕ್ಕೆ ಸ್ವಚ್ಛತೆಯ ಪಾಠ ದಿಲ್ಲಿಯಿಂದ ಬರಬೇಕಾಗಿರಲಿಲ್ಲ. ಕೈಯಲ್ಲಿ ಕಸಬರಿಗೆ ಹಿಡಿದು ಊರೂರು ತಿರುಗಿದ ಸಂತ ಗಾಡಗೇಬಾಬಾ (1876-1956) ಹಗಲು ಬೀದಿ, ಗಟಾರು ಬಳಿದು ರಾತ್ರಿ ಕೀರ್ತನೆಯಲ್ಲಿ ಜನರ ತಲೆಯೊಳಗಿನ ಕಸ ಗುಡಿಸುತ್ತಿದ್ದರು. ಗಡಿಯ ಆಚೆಗಿರುವ ಬಸವಕಲ್ಯಾಣದ ಶರಣ ಪರಂಪರೆಯಲ್ಲಿ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನ ಹೆಸರಿದೆ. ಮರಾಠಿಯಲ್ಲಿ ಅಭಂಗ, ಕನ್ನಡದಲ್ಲಿ ವಚನ ಎರಡನ್ನೂ ಬಲ್ಲ ನಮ್ಮ ಜನರಿಗೆ ಇವರಿಬ್ಬರೂ ಬೇಕಾದವರೇ.

ಗಾಡಗೇಬಾಬಾ ಹೆಸರಿನಲ್ಲೇ 2000ರಲ್ಲಿ ಆಗಿನ ಗ್ರಾಮವಿಕಾಸ ಮಂತ್ರಿ ಆರ್.ಆರ್. ಪಾಟೀಲರು ಗ್ರಾಮಸ್ವಚ್ಛತಾ ಅಭಿಯಾನ ಆರಂಭಿಸಿದರು. ಅದರ ಸೂತ್ರ ಸರಳವಾಗಿತ್ತು. ಸರ್ಕಾರ ಮೊದಲೇ ಹಣ ಕೊಡುವುದಿಲ್ಲ. ಊರವರು ತಾವೇ ದುಡಿದು ತೋರಿಸಲಿ, ಪರೀಕ್ಷೆಗೆ ಬಂದವರು ನೋಡಿ ಬಹುಮಾನ ಕೊಡಲಿ. ಊರು ಊರಿನ ನಡುವೆ ಪೈಪೋಟಿ ಹುಟ್ಟಿತು. ಓಣಿಗಳು ಚೊಕ್ಕಟವಾದವು, ಶೌಚಾಲಯಗಳು ಎದ್ದವು. ಆದರೆ ಬಹುಮಾನದ ವರ್ಷ ಮುಗಿದ ಮೇಲೆ ಬಹಳ ಕಡೆ ಉತ್ಸಾಹವೂ ಇಳಿಯಿತು. ಸ್ಪರ್ಧೆ ಜನರನ್ನು ಎಬ್ಬಿಸಬಲ್ಲದು, ಎಚ್ಚರವಾಗಿ ಇಡಲಾರದು ಎಂಬುದೇ ಇದರ ಪಾಠ.

ಹಳ್ಳಿ ಬೇರೆ, ಪಟ್ಟಣ ಬೇರೆ

ಹಳ್ಳಿಯಲ್ಲಿ ಕಸ ಹಾಕಿದವನು ಯಾರೆಂದು ಎಲ್ಲರಿಗೂ ಗೊತ್ತು. ಪಟ್ಟಣದಲ್ಲಿ ಹಾಗಲ್ಲ. ಉಮರ್ಗಾ ಸೋಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ಸುತ್ತಲ ಹಳ್ಳಿಯವರು ಬಜಾರಕ್ಕೆ, ದವಾಖಾನೆಗೆ, ಕಾಲೇಜಿಗೆ ಇಲ್ಲಿಗೇ ಬರುತ್ತಾರೆ. ಬೆಳಿಗ್ಗೆ ಬಂದು ಸಂಜೆ ಹೋಗುವವನಿಗೆ ಈ ಬೀದಿ ತನ್ನದು ಅನ್ನಿಸುವುದಿಲ್ಲ. ಅಂಗಡಿಯವನು ತನ್ನ ಕಟ್ಟೆ ಗುಡಿಸಿ ಕಸವನ್ನು ಗಟಾರಿಗೆ ತಳ್ಳುತ್ತಾನೆ. ಫುಟ್‌ಪಾತ್ ಇದ್ದರೂ ಅದರ ಮೇಲೆ ಸಾಮಾನು. ನಡೆಯುವವನು ರಸ್ತೆಗಿಳಿಯುತ್ತಾನೆ, ಕಸಬರಿಗೆಯೂ ಒಳಗೆ ಹೋಗುವುದಿಲ್ಲ.

ಕಸದ ಪ್ರಮಾಣವನ್ನೂ ನೋಡಬೇಕು. 2011ರ ಜನಗಣತಿಯಂತೆ ಉಮರ್ಗಾದ ಜನಸಂಖ್ಯೆ ಸುಮಾರು 35 ಸಾವಿರ. ಉದಗೀರ ಆಗಲೇ ಒಂದು ಲಕ್ಷ ದಾಟಿತ್ತು. ಸಣ್ಣ ಪಟ್ಟಣದಲ್ಲಿ ತಲೆಗೆ ದಿನಕ್ಕೆ 200ರಿಂದ 300 ಗ್ರಾಂ ಕಸ ಎಂದು ಹಿಡಿದರೂ 35 ಸಾವಿರ ಜನರದು 7ರಿಂದ 10.5 ಟನ್ ಆಗುತ್ತದೆ. ಇಷ್ಟನ್ನು ದಿನವೂ ಎತ್ತುವುದು ಸ್ವಯಂಸೇವಕರಿಂದ ಆಗುವ ಕೆಲಸವಲ್ಲ. ಬೀದಿ ಗುಡಿಸುವುದು, ಕಸ ಸಾಗಿಸುವುದು 1965ರ ಮಹಾರಾಷ್ಟ್ರ ನಗರಪರಿಷತ್ ಕಾಯ್ದೆಯಂತೆ ಪರಿಷತ್ತಿನ ಕರ್ತವ್ಯ. ಶ್ರಮದಾನದ ಹೆಸರಿನಲ್ಲಿ ಈ ಹೊಣೆ ಜಾರಿಹೋಗಬಾರದು.

ಜನರು ಮಾಡಬಹುದಾದದ್ದು ಕಸ ಬೀದಿಗೆ ಬೀಳದಂತೆ ತಡೆಯುವುದು. ಘಂಟಾಗಾಡಿ ಬಂದಾಗ ಹಸಿ ಕಸ ಒಂದು ಬುಟ್ಟಿಯಲ್ಲಿ, ಒಣ ಕಸ ಇನ್ನೊಂದರಲ್ಲಿ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. 2016ರ ಕೇಂದ್ರ ನಿಯಮಗಳು ಮನೆಯಲ್ಲೇ ಕಸ ಬೇರ್ಪಡಿಸಬೇಕೆಂದು ಹೇಳಿದವು. 2026ರ ಹೊಸ ನಿಯಮಗಳು ಅದನ್ನು ನಾಲ್ಕು ಭಾಗ ಮಾಡಿವೆ. ಆದರೆ ಬೇರೆ ಮಾಡಿ ಕೊಟ್ಟ ಕಸವನ್ನು ಗಾಡಿಯವನು ಒಂದೇ ಡಬ್ಬಿಗೆ ಸುರಿದರೆ ಗೃಹಿಣಿ ಮರುದಿನ ಆ ಕಷ್ಟ ಪಡುವುದಿಲ್ಲ. ಜನರ ನಂಬಿಕೆ ಹೋಗುವುದು ಇಲ್ಲಿಯೇ.

ಮಂಗಳೂರು, ಬೆಂಗಳೂರಿನ ಅನುಭವ

ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ 2015ರಿಂದ ಭಾನುವಾರ ಬೆಳಿಗ್ಗೆ ಶ್ರಮದಾನ ನಡೆಸಿತು. ಗುಡಿಸಿ ಕೈ ತೊಳೆದುಕೊಳ್ಳದೆ ಕಸ ಬೀಳುವ ಜಾಗದ ಗೋಡೆಗೆ ಬಣ್ಣ ಬಳಿದು, ಗಿಡ ಇಟ್ಟು, ಸುತ್ತಲ ಮನೆ-ಅಂಗಡಿಗಳಿಗೆ ಹೋಗಿ ತಿಳಿಹೇಳಿತು. ಬೆಂಗಳೂರಿನಲ್ಲಿ 2010ರಿಂದ ಹೆಸರು ಹೇಳಿಕೊಳ್ಳದ ಒಂದು ಗುಂಪು, 'ದಿ ಅಗ್ಲಿ ಇಂಡಿಯನ್', ಭಾಷಣವಿಲ್ಲದೆ ಒಂದೊಂದೇ ಫುಟ್‌ಪಾತ್ ದುರಸ್ತಿ ಮಾಡುತ್ತ ಬಂತು. ಎರಡರಲ್ಲೂ ಇದ್ದದ್ದು ಒಂದೇ ಗುಟ್ಟು: ಇಡೀ ಊರನ್ನು ಒಂದು ದಿನ ಹಿಡಿಯದೆ ಒಂದು ಮೂಲೆಯನ್ನು ಬಿಡದೆ ಹಿಡಿದದ್ದು.

ವಾರಕ್ಕೊಮ್ಮೆ ಎಂಬ ಲೆಕ್ಕಕ್ಕೆ ಆರೋಗ್ಯದ ಕಾರಣವೂ ಇದೆ. ಬಿಸಾಡಿದ ಪ್ಲಾಸ್ಟಿಕ್ ಕಪ್ಪು, ಟೈರು, ತೆಂಗಿನ ಚಿಪ್ಪಿನಲ್ಲಿ ಮಳೆನೀರು ನಿಂತರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಅದು ಸೊಳ್ಳೆಯಾಗಿ ಹಾರಲು ಸುಮಾರು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಇವನ್ನೆಲ್ಲ ಎತ್ತಿದರೆ ಸೊಳ್ಳೆಯ ಸಂತತಿ ಮುಂದೆ ಸಾಗದು. ವರ್ಷಕ್ಕೊಮ್ಮೆ ಎತ್ತಿದರೆ ಫೋಟೊ ಮಾತ್ರ ಉಳಿಯುತ್ತದೆ.

1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಲಾಯಿತು. ಹಳೆಯ ಇಕ್ಕಟ್ಟು ಗಲ್ಲಿಗಳ ಬದಲು ಅಗಲ ರಸ್ತೆಗಳು ಬಂದವು. ಆದರೆ ಊರು ಹರಡಿಕೊಂಡಷ್ಟೂ ರಸ್ತೆ, ಗಟಾರು ನೋಡಿಕೊಳ್ಳುವ ಭಾರ ಪಂಚಾಯತಿಗಳ ಮೇಲೆ ಹೆಚ್ಚಿತು. ಅಗಲ ರಸ್ತೆ ಮಾಡುವುದು ಸುಲಭ, ಅದನ್ನು ಮೂವತ್ತು ವರ್ಷ ಕಾಪಾಡುವುದು ಕಷ್ಟ. ಕಾಂಕ್ರೀಟ್ ರಸ್ತೆಗೆ ಟೆಂಡರ್ ಕರೆಯುವ ಪಟ್ಟಣಗಳೂ ಇದನ್ನು ನೆನಪಿಡಬೇಕು.

ಕೊನೆಯದಾಗಿ ಒಂದು ಕಹಿ ಮಾತು. ಸಫಾಯಿ ಕೆಲಸ ಇಂದಿಗೂ ಕೆಲವೇ ಜಾತಿಗಳ ಹೆಗಲ ಮೇಲಿದೆ. ಕೈಯಿಂದ ಮಲ ಬಳಿಸುವುದನ್ನು, ರಕ್ಷಣಾ ಸಾಧನವಿಲ್ಲದೆ ಚರಂಡಿ ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಕಾಮಗಾರನಿಗೆ ಕೈಗವಸು, ಸಮಯಕ್ಕೆ ಪಗಾರ ಇಲ್ಲದಿದ್ದರೆ ಪ್ರತಿಷ್ಠಿತರು ಒಂದು ದಿನ ಕಸಬರಿಗೆ ಹಿಡಿದು ಏನು ಪ್ರಯೋಜನ?

ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದ ರಾಜ್ಯದ ನಗರಪರಿಷತ್ತುಗಳಿಗೆ 2025ರ ಡಿಸೆಂಬರಿನಲ್ಲಿ ಚುನಾವಣೆ ನಡೆದಿದೆ. ಕೇಳಲು ಈಗ ನಗರಸೇವಕರಿದ್ದಾರೆ. ಪ್ರತಿ ವಾರ್ಡಿನ ಹತ್ತು ಮನೆಯವರು ತಮ್ಮ ಗಲ್ಲಿಯ ಒಂದು ಮೂಲೆಯನ್ನು ಆರಿಸಿಕೊಂಡು ವಾರವಾರ ನೋಡಿಕೊಳ್ಳಲಿ. ಘಂಟಾಗಾಡಿ ಬರುವ ಹೊತ್ತನ್ನು ಪರಿಷತ್ತು ಮರಾಠಿ, ಕನ್ನಡ ಎರಡರಲ್ಲೂ ಬರೆದು ಹಾಕಲಿ. ಬಜಾರಕ್ಕೆ ಬರುವ ಹಳ್ಳಿಯವರು ಮನೆಯಿಂದಲೇ ಬಟ್ಟೆ ಚೀಲ ತರಲಿ. ಇಷ್ಟಾದರೆ ಮುಂದಿನ ಗಾಂಧಿ ಜಯಂತಿಗೆ ಗುಡಿಸಲು ಕಸ ಹುಡುಕಬೇಕಾದೀತು.