ಅಳಿಸಿದ ಕಾರ್ಖಾನೆ, ಉಳಿದ ಸತ್ಯ

ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲಿ ರೂಪಿಸಿದ ‘ರೈನ್ 2’ ಎಂಬ ಛಾಯಾಚಿತ್ರದಲ್ಲಿ ಕಾಣುವುದು ಇಷ್ಟೇ: ಹಸಿರು ಹುಲ್ಲಿನ ಪಟ್ಟಿಗಳು, ನಡುವೆ ಬೂದುಬಣ್ಣದ ನದಿ, ಮೇಲೆ ಮೋಡ ಮುಚ್ಚಿದ ಆಕಾಶ. ಡ್ಯೂಸೆಲ್‌ಡಾರ್ಫ್ ಬಳಿಯ ಆ ಜಾಗದಲ್ಲಿ ಆಚೆ ದಂಡೆಗೆ ಕಾರ್ಖಾನೆಯ ಕಟ್ಟಡವಿತ್ತು, ಈಚೆ ದಂಡೆಯಲ್ಲಿ ನಾಯಿಗಳೊಂದಿಗೆ ಅಡ್ಡಾಡುವ ಜನರಿದ್ದರು. ಗುರ್ಸ್ಕಿ ಅವನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿದರು. 2011ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 43 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾದ ಈ ಕೃತಿ, ಹರಾಜಿನಲ್ಲಿ ಅಂದಿನವರೆಗೆ ಅತಿ ಹೆಚ್ಚು ಬೆಲೆ ಪಡೆದ ಛಾಯಾಚಿತ್ರ ಎನಿಸಿತು. ಬೆಲೆಯಿಂದ ಕಲೆಯ ತೂಕ ಗೊತ್ತಾಗುವುದಿಲ್ಲ, ಅದನ್ನು ಬದಿಗಿಡೋಣ. ಇದ್ದದ್ದನ್ನು ಅಳಿಸಿದ ಮೇಲೂ ಇದನ್ನು ಛಾಯಾಚಿತ್ರ ಎನ್ನಬಹುದೇ ಎಂಬುದು ನಿಜವಾದ ಪ್ರಶ್ನೆ. ಎನ್ನಬಹುದು ಎಂಬುದೇ ನನ್ನ ವಾದ. ಚಿತ್ರವೊಂದು ಪ್ರಾಮಾಣಿಕವೇ ಎಂದು ತಿಳಿಯಲು ಅದು ನೋಡುಗರಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಿದೆಯೇ ಎಂದು ನೋಡಬೇಕು.

1955ರಲ್ಲಿ ಲೈಪ್‌ಜಿಗ್‌ನಲ್ಲಿ ಹುಟ್ಟಿದ ಗುರ್ಸ್ಕಿ ಡ್ಯೂಸೆಲ್‌ಡಾರ್ಫ್ ಕಲಾ ಅಕಾಡೆಮಿಯಲ್ಲಿ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿಯ ಶಿಷ್ಯರಾಗಿದ್ದವರು. ನೀರಿನ ಗೋಪುರ, ಊದುಕುಲುಮೆ, ಗಣಿಗಳ ಕಟ್ಟಡಗಳನ್ನು ನೇರ ಎದುರಿನಿಂದ, ಕಪ್ಪು ಬಿಳುಪಿನಲ್ಲಿ, ಯಾವ ಅಲಂಕಾರವೂ ಇಲ್ಲದೆ ದಾಖಲಿಸಿದವರು ಆ ದಂಪತಿ. ಅಂಥ ಶಿಸ್ತಿನಲ್ಲಿ ಕಲಿತವರು ಕಂಪ್ಯೂಟರಿಗೆ ಕೈಹಾಕಿದ್ದಕ್ಕೆ ಕಾರಣವಿದೆ. 1993ರ ‘ಪ್ಯಾರಿಸ್, ಮೊಂಪಾರ್ನಾಸ್’ ಕೃತಿಯ ವಸ್ತು ಅತಿ ಉದ್ದದ ಒಂದು ವಸತಿ ಸಮುಚ್ಚಯ. ಒಂದೇ ಕಡೆ ನಿಂತು ತೆಗೆದರೆ ದೂರದ ಕಿಟಕಿಗಳು ಕುಗ್ಗುತ್ತವೆ. ಗುರ್ಸ್ಕಿ ಬೇರೆ ಬೇರೆ ಜಾಗಗಳಿಂದ ತೆಗೆದ ಚಿತ್ರಗಳನ್ನು ಜೋಡಿಸಿದರು. ನೂರಾರು ಮನೆಗಳ ಕಿಟಕಿಗಳು ಒಂದೇ ಸಮನಾಗಿ ಕಂಡವು. ಮನುಷ್ಯನ ಕಣ್ಣು ಒಂದೇ ನೋಟದಲ್ಲಿ ಹಿಡಿಯಲಾಗದ ಆ ಕಟ್ಟಡದ ನಿಜವಾದ ಅಳತೆ, ಅದರೊಳಗಿನ ಬದುಕುಗಳ ದಟ್ಟಣೆ ಆಗಲೇ ಗೋಚರಿಸಿದ್ದು. ಲಾಸ್ ಏಂಜಲಿಸ್‌ನ ಅಗ್ಗದ ಅಂಗಡಿಯೊಂದರ ‘99 ಸೆಂಟ್’ ಚಿತ್ರದಲ್ಲೂ ಹಾಗೆಯೇ. ಸಾಲುಸಾಲು ಪೊಟ್ಟಣಗಳ ನಡುವೆ ಗಿರಾಕಿಗಳ ತಲೆಗಳು ಮಾತ್ರ ಕಾಣುತ್ತವೆ. ಬಣ್ಣಗಳನ್ನು ತಿದ್ದಿ ಗಾಢಗೊಳಿಸಿದ್ದರಿಂದ ಕೊಳ್ಳುಬಾಕತನದ ಒತ್ತಡ ನೋಡುಗರಿಗೆ ನೇರವಾಗಿ ತಟ್ಟುತ್ತದೆ.

ಆದರೆ ರೈನ್ ದಂಡೆಯ ಕಾರ್ಖಾನೆಯನ್ನೇ ಮಾಯ ಮಾಡುವುದು ಕೈಗಾರಿಕೆಯ ಗುರುತನ್ನು ಮರೆಮಾಚಿದಂತಲ್ಲವೇ ಎಂದು ಕೇಳಬಹುದು. ತೂಕವಿರುವ ಆಕ್ಷೇಪವಿದು. ಮಾಲಿನ್ಯದ ಮೊಕದ್ದಮೆಗೆ ಸಾಕ್ಷಿಯಾಗಿ ಈ ಚಿತ್ರವನ್ನು ಕೊಟ್ಟಿದ್ದರೆ ಅದು ವಂಚನೆಯೇ ಆಗುತ್ತಿತ್ತು. ಗುರ್ಸ್ಕಿ ಹಾಗೆ ಕೊಡಲಿಲ್ಲ; ಅಳಿಸಿದ್ದನ್ನು ಮುಚ್ಚಿಡಲೂ ಇಲ್ಲ. ಅಲ್ಲದೆ ರೈನ್ ತನ್ನಷ್ಟಕ್ಕೆ ಹರಿದ ನದಿಯಾಗಿ ಉಳಿದಿಲ್ಲ. 1817ರಲ್ಲಿ ಯೋಹಾನ್ ಟುಲ್ಲಾ ಎಂಬ ಎಂಜಿನಿಯರ್ ಅದರ ಮೇಲ್ಭಾಗದ ತಿರುವುಗಳನ್ನು ನೇರಗೊಳಿಸುವ ಕೆಲಸ ಆರಂಭಿಸಿದ ಮೇಲೆ ಆ ನದಿ ಮನುಷ್ಯನ ಲೆಕ್ಕಾಚಾರಕ್ಕೆ ಒಳಗಾಗುತ್ತಲೇ ಬಂದಿದೆ. ಗೆರೆ ಎಳೆದಂತಿರುವ ಗುರ್ಸ್ಕಿಯ ನದಿ ಆ ಹಿಡಿತವನ್ನು ಕಾರ್ಖಾನೆಯ ಚಿತ್ರಕ್ಕಿಂತ ಬಲವಾಗಿ ಹೇಳುತ್ತದೆ.

ಕಂಪ್ಯೂಟರ್ ಬರುವ ಮುಂಚೆ ಛಾಯಾಚಿತ್ರ ಶುದ್ಧವಾಗಿತ್ತು ಎಂಬ ನಂಬಿಕೆಗೂ ಆಧಾರವಿಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಒಂದು ನೆಗೆಟಿವ್‌ನ ಕಡಲಿಗೆ ಇನ್ನೊಂದರ ಆಕಾಶವನ್ನು ಸೇರಿಸುತ್ತಿದ್ದರು. 1857ರಲ್ಲಿ ಆಸ್ಕರ್ ರೇಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಒಂದೇ ಚಿತ್ರ ಕಟ್ಟಿದರು. ಹಾಗೆಂದು ಎಲ್ಲರಿಗೂ ಎಲ್ಲ ಕಡೆಯೂ ಇದೇ ಸ್ವಾತಂತ್ರ್ಯ ಸಲ್ಲದು. ಸುದ್ದಿಚಿತ್ರ ‘ಇದು ನಡೆಯಿತು’ ಎಂದು ಮಾತು ಕೊಟ್ಟಿರುತ್ತದೆ. ಅಲ್ಲಿ ಒಬ್ಬ ವ್ಯಕ್ತಿಯನ್ನು ಅಳಿಸಿದರೂ ಅದು ದ್ರೋಹ. ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಂತೂ ಆ ಗೆರೆ ಇನ್ನಷ್ಟು ಸ್ಪಷ್ಟವಾಗಿರಬೇಕು. ಜರ್ಮನಿಯವರೇ ಆದ ಬೋರಿಸ್ ಎಲ್ಡಾಗ್ಸೆನ್ 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯಲ್ಲಿ ತಮಗೆ ಬಂದ ಬಹುಮಾನವನ್ನು ನಿರಾಕರಿಸಿ, ತಮ್ಮ ಚಿತ್ರ ಕೃತಕ ಬುದ್ಧಿಮತ್ತೆಯಿಂದ ಆದದ್ದು, ಅಂಥವು ಛಾಯಾಚಿತ್ರಗಳೊಂದಿಗೆ ಸ್ಪರ್ಧಿಸಬಾರದು ಎಂದು ಸಾರಿದರು. ಗುರ್ಸ್ಕಿಯ ಜೋಡಣೆಗೆ ಕ್ಯಾಮೆರಾ ಕಂಡ ಲೋಕವೇ ಮೂಲ. ಅಲ್ಲಿಗೆ ಹೋಗಿ ನಿಂತು ನೋಡಿದವರ ಕೆಲಸವದು.

ಆದ್ದರಿಂದ ತಿದ್ದಿದ ಚಿತ್ರವೆಂದರೆ ಸುಳ್ಳು ಎಂದು ತಳ್ಳಿಹಾಕುವ ಅವಸರವನ್ನೂ, ಎಲ್ಲವೂ ಕಲೆಯೇ ಎಂದು ಒಪ್ಪಿಬಿಡುವ ಉದಾಸೀನವನ್ನೂ ಬಿಡೋಣ. ಚಿತ್ರ ಹೇಗೆ ಆಯಿತೆಂದು ಕಲಾವಿದರೂ ಪ್ರದರ್ಶಕರೂ ಪತ್ರಿಕೆಗಳೂ ಅದರ ಪಕ್ಕದಲ್ಲೇ ಬರೆಯಲಿ. ಅಷ್ಟನ್ನು ಕೇಳಿ ಪಡೆಯುವ ಹಕ್ಕು ಓದುಗರದು.