ಬಿಲ್ ಕಟ್ಟೋ ಮುಂಚೆ, ಭಾಗ 7: ಏರ್ ಪೈಪಲ್ಲಿ ಆಯಿಲ್ ಇದ್ರೆ ಟರ್ಬೊ ಹೋಯ್ತು ಅಂತಲ್ಲ

ಮೊದಲನೇ ಫೋಟೊದಲ್ಲಿರೋ ಕಪ್ಪು ಪೈಪ್ ನಮ್ಮಪ್ಪನ ಕಾರಿನದು. ಗಾಳಿ ಮಾತ್ರ ಹೋಗಬೇಕಾದ ಪೈಪ್ ಅದು, ಆದ್ರೆ ಒಳಗೆ ಬೆರಳು ಹಾಕಿದ್ರೆ ಆಯಿಲ್. ಮೆಕ್ಯಾನಿಕ್ ತೋರಿಸಿ ಒಂದೇ ಮಾತಲ್ಲಿ ಮುಗಿಸಿದ್ರು: "ಟರ್ಬೊ ಹೋಗಿದೆ ಸರ್, 34 ಸಾವಿರ ಆಗತ್ತೆ."

ನಮ್ದು ಹಾಸನ. ಅಪ್ಪನದು ಒಂದೇ ಒಂದು ಡೀಸೆಲ್ ಕಾರು, ಹಳದಿ ಬೋರ್ಡು. ಅದು ನಿಂತ್ರೆ ಮನೆ ಖರ್ಚೂ ನಿಲ್ಲತ್ತೆ. ಇನ್ಶೂರೆನ್ಸ್‌ಗೆ, ನನ್ನ ಫೀಸಿಗೆ ಅಂತ ಎತ್ತಿಟ್ಟಿದ್ದ ದುಡ್ಡು ತೆಗೆದು ಕೊಡೋಕೆ ಅಪ್ಪ ರೆಡಿಯಾಗಿದ್ರು. ಶಿರಾಡಿ ಘಾಟಲ್ಲಿ ಪ್ಯಾಸೆಂಜರ್ ಕೂರಿಸ್ಕೊಂಡು ಕೆಟ್ಟು ನಿಂತ್ರೆ ಏನು ಗತಿ ಅನ್ನೋ ಭಯ ಅವರಿಗೆ.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ಆ ಆಯಿಲ್ ಅಲ್ಲಿಗೆ ಯಾವ ದಾರೀಲಿ ಬಂತು?" ಅವರ ಹತ್ರ ಉತ್ತರ ಇರಲಿಲ್ಲ. ನನ್ನ ವಾದ ಇಷ್ಟೇ. ಪೈಪಲ್ಲಿ ಆಯಿಲ್ ಇರೋದು ರೋಗದ ಲಕ್ಷಣ. ಜ್ವರ ಇದೆ ಅಂದ ತಕ್ಷಣ ಯಾರೂ ಆಪರೇಷನ್ ಮಾಡಿಸಲ್ಲ. ಕಾರಿಗೆ ಮಾತ್ರ ಯಾಕೆ ಮಾಡಿಸ್ತೀವಿ?

ಮೊದಲು ದಾರಿ ತಿಳ್ಕೊಳ್ಳಿ. ಸಿಲಿಂಡರಿನೊಳಗೆ ಇಂಧನ ಉರಿದಾಗ ಸ್ವಲ್ಪ ಗ್ಯಾಸ್ ಪಿಸ್ಟನ್ ರಿಂಗ್ ಸಂದೀಲಿ ಕೆಳಗಿಳಿಯತ್ತೆ. ಗ್ಯಾರೇಜಲ್ಲಿ ಇದಕ್ಕೆ ಬ್ಯಾಕ್ ಕಂಪ್ರೆಷನ್ ಅಂತಾರೆ. ಹೊಸ ಇಂಜಿನ್‌ನಲ್ಲೂ ಇದು ಸ್ವಲ್ಪ ಇರತ್ತೆ. ಹಿಂದಿನ ಕಾಲದ ಕಾರುಗಳಲ್ಲಿ ಈ ಹೊಗೆಯನ್ನ ಒಂದು ಪೈಪಲ್ಲಿ ನೇರ ರಸ್ತೆಗೆ ಬಿಡ್ತಿದ್ರು. 1960ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ವಾಯುಮಾಲಿನ್ಯದ ಗಲಾಟೆಯಿಂದ ಶುರುವಾಗಿ, ಅದನ್ನ ವಾಪಸ್ ಇಂಜಿನ್‌ಗೇ ಕಳಿಸಿ ಸುಡೋ ಪದ್ಧತಿ ಬಂತು. ಹಾಗೆ ವಾಪಸ್ ಕಳಿಸೋದೇ ಬ್ರೀದರ್ ಪೈಪ್. ಆ ಹೊಗೆ ಜೊತೆ ಆಯಿಲ್‌ನ ಸಣ್ಣ ಹನಿಗಳೂ ಬರ್ತವೆ. ಅಂದ್ರೆ ಏರ್ ಪೈಪಿನ ಒಳಗೋಡೆಗೆ ತೆಳ್ಳಗೆ ಆಯಿಲ್ ಅಂಟಿದ್ರೆ ಗಾಬರಿ ಬೇಡ. ನಿಂತಿದ್ರೆ, ಹರೀತಿದ್ರೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಮ್ಮಿ ಆಗ್ತಾ ಹೋದ್ರೆ, ಸೈಲೆನ್ಸರಲ್ಲಿ ನೀಲಿ ಹೊಗೆ ಬಂದ್ರೆ ಆಗ ಹುಡುಕಬೇಕು.

ಹುಡುಕೋ ಕ್ರಮ ನನ್ನ ಪ್ರಕಾರ ಹೀಗಿರಬೇಕು. ಖರ್ಚಿಲ್ಲದ್ದು ಮೊದಲು, ದುಬಾರಿ ಕೊನೆಗೆ.

1. ಡಿಪ್‌ಸ್ಟಿಕ್. ಸಮತಟ್ಟಾದ ಜಾಗದಲ್ಲಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ. ಮ್ಯಾಕ್ಸ್ ಗೆರೆಗಿಂತ ಮೇಲಿದ್ರೆ ಅದೇ ಕಳ್ಳ ಇರಬಹುದು. ತಿರುಗೋ ಕ್ರ್ಯಾಂಕ್ ಆಯಿಲ್‌ಗೆ ಬಡಿದು ಮಜ್ಜಿಗೆ ಕಡೆದ ಹಾಗೆ ನೊರೆ ಎಬ್ಬಿಸತ್ತೆ, ನೊರೆ ಬ್ರೀದರ್‌ನಲ್ಲಿ ನುಗ್ಗತ್ತೆ. ಜೊತೆಗೆ ಡೀಸೆಲ್ ವಾಸನೆ ಇದ್ರೆ ಆಯಿಲ್‌ಗೆ ಡೀಸೆಲ್ ಸೇರ್ತಿದೆ, ಅದು ಬೇರೆ ರಿಪೇರಿ.

2. ಏರ್ ಫಿಲ್ಟರ್. ಧೂಳು ಕಟ್ಟಿದ್ರೆ ಟರ್ಬೊ ಗಾಳಿ ಸಿಗದೆ ಜೋರಾಗಿ ಎಳೆಯತ್ತೆ. ಆ ಎಳೆತಕ್ಕೆ ಚೆನ್ನಾಗಿರೋ ಟರ್ಬೊ ಸೀಲಿಂದಲೂ ಆಯಿಲ್ ಬರಬಹುದು.

3. ಬ್ರೀದರ್ ಪೈಪ್. ಬಿಚ್ಚಿ ನೋಡಿ, ಕಸ ಕಟ್ಕೊಂಡಿದ್ರೆ ಕ್ಲೀನ್ ಮಾಡಿಸಿ. ಕಟ್ಟಿಕೊಂಡ್ರೆ ಇಂಜಿನ್ ಒಳಗೆ ಒತ್ತಡ ಏರಿ ಆಯಿಲ್ ಸಿಕ್ಕ ಸಂದೀಲಿ ಹೊರಡತ್ತೆ. ಪೆಟ್ರೋಲ್ ಕಾರಾದ್ರೆ ಪಿಸಿವಿ ವಾಲ್ವ್ ಕೂಡ ನೋಡಿಸಿ.

4. ಬ್ಯಾಕ್ ಕಂಪ್ರೆಷನ್. ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಆಯಿಲ್ ಹಾಕೋ ಮುಚ್ಚಳ ಸಡಿಲಿಸಿ. ಡೀಸೆಲ್‌ನಲ್ಲಿ ಸ್ವಲ್ಪ ಹೊಗೆ ಸಹಜ. ಮುಚ್ಚಳ ಕುಣಿದು ಹೊಗೆ ದಬದಬ ಬಂದ್ರೆ ರಿಂಗ್ ಸವೆದಿರೋ ಅನುಮಾನ. ಆದ್ರೆ ಬ್ರೀದರ್ ಕಟ್ಟಿಕೊಂಡಿದ್ರೂ ಹೀಗೇ ಆಗತ್ತೆ, ಅದಕ್ಕೇ 3 ಮೊದಲು, 4 ಆಮೇಲೆ. ಇಂಜಿನ್ ಬೋರಿಗೆ ಬಂದಿದೆ ಅನ್ನೋ ಮುಂಚೆ ಕಂಪ್ರೆಷನ್ ಟೆಸ್ಟ್ ರೀಡಿಂಗ್ ಕೇಳಿ.

5. ಟರ್ಬೊ. ಕೊನೇದು ಇದು. ಇಂಜಿನ್ ಆಫ್ ಆಗಿ ತಣ್ಣಗಾದ ಮೇಲೆ ಪೈಪ್ ಬಿಚ್ಚಿಸಿ, ಚಕ್ರವನ್ನ ಕೈಯಲ್ಲಿ ಆಡಿಸಿ ತೋರಿಸೋಕೆ ಹೇಳಿ. ಪಕ್ಕಕ್ಕೆ ಸ್ವಲ್ಪ ಆಡೋದು ಸಹಜ. ಹಿಂದೆ ಮುಂದೆ ಎಳೆದಾಡಿದ್ರೆ, ರೆಕ್ಕೆ ಗೋಡೆಗೆ ತಾಗಿದ್ರೆ ಟರ್ಬೊ ಹೋಗಿದೆ ಅಂತ ಒಪ್ಪಿ. ಆಗಲೂ ಅದರ ಆಯಿಲ್ ಇಳಿಯೋ ಪೈಪ್ ಕಟ್ಟಿದೆಯಾ ನೋಡಿಸಿ. ಇಲ್ಲಾಂದ್ರೆ ಹೊಸ ಟರ್ಬೊನೂ ಆಯಿಲ್ ಉಗುಳತ್ತೆ.

ಇನ್ನೊಂದು ಗುರುತು ಇದೆ. ಬ್ರೀದರ್ ಸಾಮಾನ್ಯವಾಗಿ ಟರ್ಬೊಗಿಂತ ಮುಂಚೆ ಸೇರತ್ತೆ. ಟರ್ಬೊ ಮುಂಚಿನ ಪೈಪೂ ಒದ್ದೆ ಇದ್ರೆ ಮೊದಲು ಬ್ರೀದರ್ ಕಡೆ ನೋಡಿ. ಅದು ಒಣಗಿದ್ದು ನಂತರದ್ದು ಮಾತ್ರ ಒದ್ದೆ ಇದ್ರೆ ಟರ್ಬೊ ಮೇಲೆ ಅನುಮಾನ ಜಾಸ್ತಿ.

ನಮಗೆ ತೋರಿಸಿದ್ದು ನಂತರದ ಪೈಪ್ ಮಾತ್ರ. ಬೇರೆ ಗ್ಯಾರೇಜಲ್ಲಿ ಮುಂಚಿನದನ್ನೂ ಬಿಚ್ಚಿಸಿದ್ವಿ. ಬ್ರೀದರ್ ಸೇರೋ ಜಾಗದಿಂದಲೇ ಒದ್ದೆ (ಎರಡನೇ ಫೋಟೊ). ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮ್ಯಾಕ್ಸ್‌ಗಿಂತ ಒಂದು ಬೆರಳು ಮೇಲೆ. ಹಿಂದಿನ ವಾರ ಆಯಿಲ್ ಚೇಂಜ್ ಮಾಡಿದಾಗ ಅಳತೆ ನೋಡದೆ ಸುರಿದಿದ್ರು. ಫಿಲ್ಟರ್ ಅಂತೂ ಮಣ್ಣು. ಹೆಚ್ಚಿನ ಆಯಿಲ್ ತೆಗೆದು, ಫಿಲ್ಟರ್ ಹಾಕಿ, ಪೈಪು ಇಂಟರ್‌ಕೂಲರ್ ಎಲ್ಲ ತೊಳೆದು 2,350 ರೂಪಾಯಿ. ಅದರಲ್ಲಿ 500 ಬರೀ ಚೆಕ್ ಮಾಡಿದ್ದಕ್ಕೆ. ಸಾವಿರ ಕಿಲೋಮೀಟರ್ ಆದ್ಮೇಲೆ ಮತ್ತೆ ಬಿಚ್ಚಿ ನೋಡಿದ್ವಿ, ತೆಳ್ಳಗೆ ಅಂಟಿದ್ದು ಬಿಟ್ರೆ ಏನಿಲ್ಲ.

ಆ 500ಕ್ಕೆ ಅಪ್ಪ "ನೋಡಿದ್ದಕ್ಕೂ ದುಡ್ಡಾ?" ಅಂದ್ರು. ನಾನು ಅಪ್ಪನ ಕಡೆ ಇಲ್ಲ. ತಪ್ಪು ನಮ್ಮದೂ ಇದೆ. ಪಾರ್ಟ್ ಹಾಕಿದ್ರೆ ಮರುಮಾತಾಡದೆ ಕೊಡ್ತೀವಿ, ತಲೆ ಓಡಿಸಿದ್ದಕ್ಕೆ ಚೌಕಾಸಿ ಮಾಡ್ತೀವಿ. ಹಾಗಿದ್ಮೇಲೆ ಒಂದು ಗಂಟೆ ಕೂತು ಹುಡುಕೋ ಮೆಕ್ಯಾನಿಕ್‌ಗೆ ಏನು ಸಿಗತ್ತೆ? ಪಾರ್ಟ್ ಬದಲಾಯಿಸೋದೇ ಅವರಿಗೆ ಲಾಭ. ಕಾಸ್ಟಿಂಗ್ ಕ್ಲಾಸಲ್ಲಿ ಮೆಟೀರಿಯಲ್ ಬೇರೆ, ಲೇಬರ್ ಬೇರೆ ಅಂತ ಓದ್ತೀವಿ. ಗ್ಯಾರೇಜಲ್ಲೂ ಹಾಗೇ ಕೊಡಿ. "ಚೆಕಿಂಗ್ ಚಾರ್ಜ್ ಎಷ್ಟಾದ್ರೂ ತಗೊಳ್ಳಿ, ಕಾರಣ ತೋರಿಸಿ ಆಮೇಲೆ ಪಾರ್ಟ್" ಅಂತ ಮೊದಲೇ ಹೇಳಿ.

ಒಂದು ಎಚ್ಚರಿಕೆ. ನಿಧಾನವಾಗಿ ಹುಡುಕಿ ಅಂದೆ, ಹಾಗೇ ಓಡಿಸಿ ಅನ್ನಲಿಲ್ಲ. ಡೀಸೆಲ್ ಇಂಜಿನ್ ಆ ಆಯಿಲನ್ನೇ ಇಂಧನ ಮಾಡ್ಕೊಂಡು ತಾನಾಗಿ ರೇಸ್ ಆಗಬಹುದು, ಆಗ ಕೀ ತೆಗೆದ್ರೂ ನಿಲ್ಲಲ್ಲ. ಪೈಪಲ್ಲಿ ಆಯಿಲ್ ನಿಂತಿದ್ರೆ ಗಾಡಿ ನಿಲ್ಲಿಸಿಯೇ ಚೆಕ್ ಮಾಡಿಸಿ.

ಕಾರಿರೋ ಫ್ರೆಂಡ್‌ಗೆ ಕಳಿಸಿ. ನಿಮ್ಮಪ್ಪನಿಗೂ ಒಂದ್ಸಲ ಓದಿ ಹೇಳಿ.

#ಬಿಲ್‌ಕಟ್ಟೋಮುಂಚೆ #ಹಾಸನ