ಗೇಟ್‌ಮನ್ ಸಿಕ್ಕಿಬಿದ್ದ, ಮುಗೀತಾ?

2025ರ ಜುಲೈ 8ರ ಬೆಳಿಗ್ಗೆ ತಮಿಳುನಾಡಿನ ಕಡಲೂರು ಹತ್ತಿರದ ಸೆಮ್ಮಂಕುಪ್ಪಂನಲ್ಲಿ ಪ್ಯಾಸೆಂಜರ್ ರೈಲೊಂದು ಶಾಲಾ ವ್ಯಾನಿಗೆ ಗುದ್ದಿತು. ಮೂವರು ಮಕ್ಕಳು ಸತ್ತರು. ಅಪರಾಧಿ ಯಾರು ಅಂತ ಹುಡುಕೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗೇಟು ಹಾಕದ ಗೇಟ್‌ಮನ್. ಅಮಾನತು, ಬಂಧನ, ಕಥೆ ಮುಗೀತು.

ತಪ್ಪು ಮಾಡಿದ್ದರೆ ಶಿಕ್ಷೆ ಆಗಲಿ, ಬೇಡ ಅಂದವರ್ಯಾರು? ಆದರೆ ಸ್ವಾಮಿ, ಗೇಟು ತೆರೆದೇ ಇರುವಾಗ ರೈಲು ಬಂದದ್ದಾದರೂ ಹೇಗೆ?

ಇಂಟರ್‌ಲಾಕ್ ಇರುವ ಗೇಟಿನಲ್ಲಿ ಗೇಟು ಪೂರ್ತಿ ಬಿದ್ದು ಲಾಕ್ ಆಗುವ ತನಕ ರೈಲಿಗೆ ಹಸಿರು ಸಿಗ್ನಲ್ ಸಿಗೋದಿಲ್ಲ. ಗೇಟ್‌ಮನ್ ಮರೆತರೂ, ತೂಕಡಿಸಿದರೂ ರೈಲು ನಿಲ್ಲುತ್ತದೆ. ಲೇಟಾಗುತ್ತದೆ, ಒಳಗಿದ್ದವರು ಬೈತಾರೆ, ಅಷ್ಟೆ. ಸೆಮ್ಮಂಕುಪ್ಪಂನ ಗೇಟಿಗೆ ಇಂಟರ್‌ಲಾಕ್ ಇರಲಿಲ್ಲ. ಅಂಥ ಕಡೆ ಸ್ಟೇಷನ್ ಮಾಸ್ಟರ್ ಫೋನ್ ಮಾಡ್ತಾರೆ, ಗೇಟ್‌ಮನ್ 'ಹಾಕಿದೀನಿ ಸಾರ್' ಅಂತಾನೆ, ಗುರುತಿಗೆ ಒಂದು ನಂಬರ್ ಹೇಳ್ತಾನೆ, ರೈಲು ಹೊರಡುತ್ತದೆ. ಗೇಟು ನಿಜಕ್ಕೂ ಬಿದ್ದಿದೆಯಾ ಅಂತ ನೋಡೋಕೆ ಇನ್ನೊಂದು ಕಣ್ಣಿಲ್ಲ. ನಿಮ್ಮ ಆಫೀಸಲ್ಲಿ ನಾಲ್ಕು ಸಾಲಿನ ಕೋಡ್ ಲೈವ್ ಹೋಗಬೇಕಾದರೂ ಇನ್ನೊಬ್ಬರು ನೋಡಿ ಅಪ್ರೂವ್ ಮಾಡಬೇಕು. ಇಲ್ಲಿ ಒಬ್ಬನ ಬಾಯಿಮಾತು ಸಾಕು.

ಹಾಗಾದರೆ ಇಂಟರ್‌ಲಾಕ್ ಯಾವ ಗೇಟಿಗೆ? ಅದಕ್ಕೆ ಟಿವಿಯು ಅನ್ನೋ ಲೆಕ್ಕವಿದೆ. ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ, ಎರಡನ್ನೂ ಗುಣಿಸಿ. ಮಿತಿ 20,000 ಇತ್ತು, ಈ ಘಟನೆಯ ನಂತರ 10,000ಕ್ಕೆ ಇಳಿಸಿದರು. ಇಳಿಸೋಕೆ ಆಗುತ್ತಿತ್ತು ಅಂದಮೇಲೆ ಜುಲೈ 7ಕ್ಕೇ ಇಳಿಸಬಹುದಿತ್ತಲ್ಲ! ಈಗಲೂ 12 ರೈಲು, 800 ವಾಹನ ಓಡಾಡುವ ಊರಿನ ಗೇಟು 9,600ಕ್ಕೇ ನಿಲ್ಲುತ್ತದೆ, ಮಿತಿ ಮುಟ್ಟೋದಿಲ್ಲ. ಆ 800ರಲ್ಲಿ ಶಾಲಾ ವ್ಯಾನ್ ಎಷ್ಟು ಅಂತ ಗುಣಾಕಾರ ಕೇಳೋದಿಲ್ಲ.

'ನಮ್ ಜನಾನೇ ಸರಿ ಇಲ್ಲ ಬಿಡಿ' ಅನ್ನುವವರಿದ್ದಾರೆ. ನಿಜ, ಬಿದ್ದ ಗೇಟಿನ ಕೆಳಗೆ ಬೈಕ್ ಓರೆ ಮಾಡಿ ನುಗ್ಗಿಸೋರನ್ನು ನಾನೂ ಬೇಕಾದಷ್ಟು ನೋಡಿದ್ದೀನಿ. ಕಾರಲ್ಲಿ ಕೂತು ಗೇಟ್‌ಮನ್ ಮೇಲೆ ಹಾರ್ನ್ ಬಾರಿಸೋ ವಿದ್ಯಾವಂತರನ್ನೂ. ಗೇಟು ಮುರಿದರೆ 5 ವರ್ಷದವರೆಗೆ ಜೈಲಿದೆ, ಹಾಕಿ. ಆದರೆ ವ್ಯಾನಿನ ಹಿಂದಿನ ಸೀಟಲ್ಲಿ ಕೂತ ಮಗು ಯಾವ ಗೇಟು ಮುರಿದಿತ್ತು?

ದುಡ್ಡಿಲ್ಲ ಅನ್ನೋದನ್ನೂ ನಾನು ಒಪ್ಪೋದಿಲ್ಲ. 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ, ಕಾವಲುಗಾರನೇ ಇಲ್ಲದ ಕ್ರಾಸಿಂಗಿನಲ್ಲಿ, 13 ಮಕ್ಕಳು ಸತ್ತರು. ಮರುವರ್ಷದ ಜನವರಿ ಮುಗಿಯೋದರೊಳಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳನ್ನೆಲ್ಲ ತೆಗೆದೇಬಿಟ್ಟರು. ಮನಸ್ಸು ಮಾಡಿದರೆ ಆಗುತ್ತೆ. ಕಾವಲಿರುವ ಗೇಟುಗಳೂ ಸೇರಿ ಎಲ್ಲ ಲೆವೆಲ್ ಕ್ರಾಸಿಂಗ್‌ಗಳನ್ನು 5 ವರ್ಷದಲ್ಲಿ ತೆಗೆಯಿರಿ ಅಂತ ಕಾಕೋಡ್ಕರ್ ಸಮಿತಿ ಹೇಳಿದ್ದು 2012ರಲ್ಲಿ!

ಸೆಮ್ಮಂಕುಪ್ಪಂಗೆ ಅಂಡರ್‌ಪಾಸ್ ಕೂಡ ಮಂಜೂರಾಗಿತ್ತಂತೆ. ದುಡ್ಡು ಸಿದ್ಧವಿದೆ, ಜಿಲ್ಲಾಡಳಿತ ಒಂದು ವರ್ಷದಿಂದ ಒಪ್ಪಿಗೆ ಕೊಟ್ಟಿಲ್ಲ ಅಂತ ರೈಲ್ವೆಯೇ ಹೇಳಿಕೆ ಕೊಟ್ಟಿತು. ಗೇಟ್‌ಮನ್‌ಗೆ ಕೋಳ ಬಿತ್ತು. ಆ ಫೈಲು ಒಂದು ವರ್ಷ ಯಾರ ಮೇಜಿನ ಮೇಲಿತ್ತು ಅಂತ ಯಾರೂ ಕೇಳಲಿಲ್ಲ.

ಹಬ್ಬಕ್ಕೆ ಊರಿಗೆ ಹೋಗುವಾಗ ನಿಮ್ಮ ದಾರಿಯಲ್ಲೂ ಒಂದು ಗೇಟು ಬರುತ್ತಲ್ಲ, ಅದಕ್ಕೆ ಇಂಟರ್‌ಲಾಕ್ ಇದೆಯಾ, ಇಲ್ಲದಿದ್ದರೆ ಯಾವಾಗ ಅಂತ ರೈಲ್ವೆಗೆ ಒಂದು ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ. ಮೊಬೈಲಲ್ಲೇ ಹಾಕಬಹುದು, ಗೇಟು ತೆಗೆಯೋ ತನಕ ಹೇಗೂ ಕಾಯ್ತಾ ಕೂತಿರ್ತೀರಲ್ಲ.